ಗಂಗಾಮೂಲದ ಮೊಮ್ಮಗಳು

ಮೊನ್ನೆ ಶನಿವಾರ ಆಫೀಸಿನಲ್ಲಿ ಚಹಾ ಕುಡಿಯುವಾಗ ನನ್ನ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅವರ ಮಗಳು, ಹತ್ತನೇ ಕ್ಲಾಸಿನವಳು, ವೃದ್ಧಾಶ್ರಮದ ಜಗಲಿಯಲ್ಲಿ ಕೂತು ಅಜ್ಜಿಯೊಬ್ಬರ ತಲೆ ಬಾಚುತ್ತಿದ್ದಾಳೆ. ಇವರು ಮಂಗಳೂರಿನ ಕ್ರೈಸ್ತರು. ಭಾನುವಾರ ಚರ್ಚು ಮುಗಿದ ಕೂಡಲೇ ಹುಡುಗಿ ನೇರ ಅಲ್ಲಿಗೆ ಹೋಗುತ್ತಾಳಂತೆ. ಅಜ್ಜಿಯರಿಗೆ ಬೈಬಲ್ ಓದಿ ಹೇಳುವುದು, ಉಗುರು ಕತ್ತರಿಸುವುದು, ಮಕ್ಕಳಿಗೆ ಕಾಗದ ಬರೆದುಕೊಡುವುದು ಎಲ್ಲ ಮಾಡುತ್ತಾಳಂತೆ. ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೆಮ್ಮೆಗೆ ಮೈಯೆಲ್ಲ ಬಾಯಿ.

ನಾನು ಸುಮ್ಮನಿರಬಾರದೇ? "ನೀವೇ ಕಳಿಸೋದಾ?" ಅಂತ ಕೇಳಿಬಿಟ್ಟೆ.

"ನಾನು ಕಳಿಸಿದ್ದಲ್ಲ ಮಾರಾಯ್ರೆ, ನಾನು ಕಳಿಸಿದ್ರೆ ಅವಳು ಹೋಗ್ತಾನೇ ಇರ್ಲಿಲ್ಲ!" ಅಂತ ನಕ್ಕರು.

ಅವರು ನಕ್ಕು ಹೋದರು. ನನಗೆ ಮಾತ್ರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಗಳ ನಂಬಿಕೆಯ ಬಗ್ಗೆ ತಂದೆ ತಾಯಿ ಹೆಮ್ಮೆ ಪಡುವುದು ಅಂದರೆ ಏನು? ನಾವು ಹೇಳಿಕೊಟ್ಟದ್ದನ್ನು ಅವಳು ಒಪ್ಪಿಸಿದಳು ಅನ್ನುವ ಖುಷಿಯೋ, ಅಥವಾ ನಾವು ಹೇಳದೆಯೇ ಅವಳು ಒಂದು ದಾರಿ ಹಿಡಿದಳು ಅನ್ನುವ ಖುಷಿಯೋ? ಯೋಚಿಸುತ್ತಾ ಹೋದಂತೆ ನೆನಪಾದದ್ದು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಪ್ರಶ್ನೆಗಾಗಿ ಜಗಳವಾಡಿದ ಒಬ್ಬ ತಾಯಿ. ಆಕೆ ಹುಟ್ಟಿದ್ದು ನಮ್ಮೂರ ಘಟ್ಟದ ಮೇಲೆಯೇ. ಪಂಡಿತಾ ರಮಾಬಾಯಿ.

ರಮಾಬಾಯಿ ಹೆಸರು ನಿಮಗೆಲ್ಲ ಗೊತ್ತಿರುತ್ತದೆ. ಆದರೆ ಅವರ ಮಗಳು ಮನೋರಮಾಳ ಹೆಸರು ಕೇಳಿದವರು ಕಡಿಮೆ. ಇವತ್ತು ಅವರಿಬ್ಬರ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಬೇಸರಿಸದೆ ಓದಿ.

*

ನಾನು ಕಾರ್ಕಳದ ಕಡೆಯವನು. ಕಾರ್ಕಳದಿಂದ ಕುದುರೆಮುಖದ ದಾರಿ ಹಿಡಿದರೆ ಘಟ್ಟದ ಬುಡದಲ್ಲಿ ಮಾಳ ಅಂತ ಊರು ಸಿಗುತ್ತದೆ. ಘಟ್ಟ ಹತ್ತಿ ಮುಂದೆ ಹೋದರೆ ಗಂಗಾಮೂಲ, ತುಂಗೆ ಭದ್ರೆಯರು ಹುಟ್ಟುವ ಜಾಗ. ಈಗ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ. ಚಿಕ್ಕಂದಿನಲ್ಲಿ ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗಿದ್ದೇನೆ. ಆ ಕಾಡಿನಲ್ಲಿ ಒಂದು ಕಾಲಕ್ಕೆ ಸಂಸ್ಕೃತ ಪಾಠಶಾಲೆ ಇತ್ತು ಅಂತ ಒಬ್ಬರೂ ಹೇಳಿರಲಿಲ್ಲ.

ಮಾಳದ ಕಡೆಯ ಅನಂತಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣರು. ಓದಲು ಪುಣೆಗೆ ಹೋಗಿದ್ದರು. ಅಲ್ಲಿ ಅವರ ಗುರುಗಳು ಪೇಶ್ವೆ ಎರಡನೇ ಬಾಜೀರಾಯನ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಓದುವುದನ್ನು ಹುಡುಗ ಕಂಡ. ನಾನೂ ನನ್ನ ಹೆಂಡತಿಗೆ ಕಲಿಸುತ್ತೇನೆ ಅಂತ ಮನಸ್ಸಿನಲ್ಲೇ ಇಟ್ಟುಕೊಂಡ. ಮೊದಲ ಹೆಂಡತಿಗೆ ಕಲಿಸಲು ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಲಕ್ಷ್ಮೀಬಾಯಿಯನ್ನು ಮದುವೆಯಾದರು. ಅವರಿಗೆ ಆಗ ನಲವತ್ತು ದಾಟಿತ್ತು, ಹುಡುಗಿಗೆ ಒಂಬತ್ತು. ಆ ಕಾಲದ ಮದುವೆ ಹೀಗೆಯೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಆ ಹುಡುಗಿಗೆ ಶಾಸ್ತ್ರಿಗಳು ಅಕ್ಷರ ಕಲಿಸಿದರು, ಸಂಸ್ಕೃತ ಕಲಿಸಿದರು. ಸುತ್ತಲಿನವರು ಸುಮ್ಮನಿರುತ್ತಾರೆಯೇ? ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಹೆಂಗಸರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಅಂತ ಗ್ರಂಥಗಳಿಂದಲೇ ಎತ್ತಿ ತೋರಿಸಬೇಕಾಯಿತು. ಆಮೇಲೆ ಊರ ಗೊಡವೆಯೇ ಬೇಡ ಅಂತ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಅಲ್ಲೇ ಶಿಷ್ಯರನ್ನಿಟ್ಟುಕೊಂಡು ಪಾಠ ಹೇಳಿದರು. ಅಲ್ಲೇ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ಮಗು ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ಘಟ್ಟ ಇಳಿಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಹೋಗುವ ಬದುಕು. ರಮಾಳಿಗೆ ಪಾಠ ಹೇಳಿದ್ದು ತಾಯಿ ಲಕ್ಷ್ಮೀಬಾಯಿ. ಕೂತು ಕಲಿಯಲು ಶಾಲೆಯಿಲ್ಲ. ನಡೆಯುತ್ತಾ, ಛತ್ರದಲ್ಲಿ ತಂಗುತ್ತಾ ಕಲಿತದ್ದೇ. ಹನ್ನೆರಡರ ಸುಮಾರಿಗೆ ಪುರಾಣದ 18,000 ಶ್ಲೋಕ ಬಾಯಿಪಾಠ ಆಗಿತ್ತು ಅಂತ ಹೇಳುತ್ತಾರೆ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿತ್ತು. ಕೂಲಿ ಮಾಡಲು ಜಾತಿಯ ಬಿಗುಮಾನ ಬಿಡಲಿಲ್ಲ, ಭಿಕ್ಷೆಗೂ ಸಂಕೋಚ. ಇದ್ದದ್ದೆಲ್ಲ ಮಾರಿ, ಕೊನೆಗೆ ಎಲೆ ತಿಂದು ದಿನ ದೂಡಿದರು. ಮುದುಕರಾದ, ಕಣ್ಣು ಮಂಜಾದ ಅನಂತಶಾಸ್ತ್ರಿ ಸಾಯುವ ಮುಂಚೆ ಕಿರಿಯ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿರುವಷ್ಟು ಕಾಲ ಅವನೊಬ್ಬನ ಸೇವೆ ಮಾಡು ಎಂಬರ್ಥದ ಮಾತು ಹೇಳಿದರಂತೆ. ಇದನ್ನು ರಮಾಬಾಯಿ 1907ರಲ್ಲಿ, ಕ್ರೈಸ್ತರಾಗಿ ಎಷ್ಟೋ ವರ್ಷಗಳಾದ ಮೇಲೆ ಬರೆದರು. ಶಾಸ್ತ್ರಿಗಳು ಹೇಳಿದ ದೇವರು ಯಾರು, ಮಗಳು ಕಂಡುಕೊಂಡ ದೇವರು ಯಾರು ಅನ್ನುವುದು ಬೇರೆ. ಆದರೆ ಆ ಮಾತನ್ನು ಆಕೆ ಕೊನೆಯವರೆಗೂ ಬಿಡಲಿಲ್ಲ. ತಂದೆ ಕೊಟ್ಟ ಮಾತನ್ನೇ ಇಟ್ಟುಕೊಂಡರು, ಅರ್ಥ ಮಾತ್ರ ತಮ್ಮದು. ಈ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

*

ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ಹೋದರು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ ಅಂದರು, ಸರಸ್ವತಿ ಅಂದರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಆಕೆ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಿಜಿಸ್ಟರ್ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಮನೋರಮಾ ಅಂತ ಹೆಸರಿಟ್ಟರು, ಮನಸ್ಸಿಗೆ ಸಂತೋಷ ಕೊಡುವವಳು. ತಾಯಿಯ ಹೆಸರೂ ಅದರೊಳಗೇ ಇದೆ ನೋಡಿ.

ಮಗುವಿಗೆ ವರ್ಷ ತುಂಬುವ ಮುಂಚೆ, 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ತೀರಿಕೊಂಡರು. ರಮಾಬಾಯಿಗೆ ಆಗ ಇಪ್ಪತ್ತಮೂರು. ವಿಧವೆ, ಕಂಕುಳಲ್ಲಿ ಹೆಣ್ಣು ಮಗು, ಹಿಂದೆ ಮುಂದೆ ಯಾರೂ ಇಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹೋಗಿ, ಈ ದೇಶಕ್ಕೆ ಹೆಣ್ಣು ಶಿಕ್ಷಕಿಯರು ಬೇಕು, ಹೆಣ್ಣು ಡಾಕ್ಟರುಗಳು ಬೇಕು ಅಂತ ಹೇಳಿದರು. ತಾವೇ ಡಾಕ್ಟರಾಗಬೇಕು ಅಂತ ಹೊರಟು, ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ' ಬರೆದು, ಅದರ ಹಣದಲ್ಲಿ 1883ರಲ್ಲಿ ಮಗಳ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದರು.

ಇಳಿದುಕೊಂಡದ್ದು ವಾಂಟೇಜ್ ಅನ್ನುವ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಮನೋಗೆ ಆಗ ಎರಡೂವರೆ ವರ್ಷ. ಡಾಕ್ಟರ್ ಆಗುವ ಕನಸು ಮಾತ್ರ ಅಲ್ಲೇ ಮುರಿಯಿತು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.

*

ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

ರಮಾಬಾಯಿ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಾ ತಾವೂ ಓದುತ್ತಿದ್ದರು. ಆಗ ಅವರಿಗೂ ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರಿಗೂ ಕಾಗದದ ಮೇಲೆ ಕಾಗದ. ಈ ಪತ್ರಗಳೆಲ್ಲ 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಪುಸ್ತಕವಾಗಿ ಬಂದಿವೆ. ಓದಿದರೆ ಬೆವರು ಬರುತ್ತದೆ ಮಾರಾಯ್ರೆ! ಅನ್ನ ಹಾಕಿದವರು, ಆಶ್ರಯ ಕೊಟ್ಟವರು, ತನ್ನ ಧರ್ಮಕ್ಕೆ ಕೈಹಿಡಿದು ಕರೆದುಕೊಂಡವರು. ಅವರ ಎದುರೇ ಈ ಇಪ್ಪತ್ತೇಳರ ವಿಧವೆ ಒಂದೊಂದು ಮಾತಿಗೂ ವಾದಕ್ಕೆ ನಿಲ್ಲುತ್ತಾರೆ.

ಜಗಳ ಎಷ್ಟು ಸಣ್ಣದರಿಂದ ಶುರುವಾಗುತ್ತದೆ ಅಂದರೆ, ಮೊಟ್ಟೆ ಹಾಕಿದ ಪುಡಿಂಗ್ ತಿನ್ನಬೇಕೋ ಬೇಡವೋ ಅನ್ನುವುದರಿಂದ. ರಮಾಬಾಯಿ ಕ್ರೈಸ್ತರಾದ ಮೇಲೂ ಸಸ್ಯಾಹಾರ ಬಿಡಲಿಲ್ಲ. ಸಿಸ್ಟರ್ ಕಣ್ಣಿಗೆ ಅದು ಜಾತಿಯ ಅಹಂಕಾರದ ಉಳಿಕೆ. ಇವರಿಗೆ ಅದು ತನ್ನ ಜನರ ರೀತಿ, ಅಷ್ಟೇ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ ಇರಬೇಕು, ನನಗೂ ನನ್ನ ಜನಕ್ಕೂ ಗೊತ್ತಿರದ ಭಾಷೆ ಅದು, ಸಂಸ್ಕೃತ ಯಾಕಾಗಬಾರದು ಅಂತ ಕೇಳುತ್ತಾರೆ. ಆಮೇಲೆ ದೊಡ್ಡ ವಿಷಯ ಬರುತ್ತದೆ. ತಂದೆ, ಮಗ, ಪವಿತ್ರಾತ್ಮ ಈ ಮೂರೂ ಒಬ್ಬನೇ ದೇವರು ಅನ್ನುವ ತ್ರಿತ್ವದ ತತ್ವ. ಕ್ರಿಸ್ತನ ಬೋಧನೆ ರಮಾಬಾಯಿಗೆ ಒಪ್ಪಿಗೆ. ಆದರೆ ಬೈಬಲನ್ನು ತಾನೇ ಓದಿ ತನಗೆ ಮನವರಿಕೆಯಾದದ್ದನ್ನು ಮಾತ್ರ ನಂಬುತ್ತೇನೆ, ಚರ್ಚು ಹೇಳಿತು ಅಂತ ನಂಬುವುದಿಲ್ಲ ಅನ್ನುವುದು ಅವರ ಹಟ. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದದ್ದು ಇನ್ನೊಂದಕ್ಕೆ ತಲೆ ಒಪ್ಪಿಸುವುದಕ್ಕಲ್ಲ ಅನ್ನುವ ಭಾವ ಆ ಪತ್ರಗಳ ತುಂಬ ಇದೆ.

ಈ ಎಲ್ಲದರ ನಡುವೆ ಸಿಕ್ಕಿಹಾಕಿಕೊಂಡದ್ದು ಪುಟ್ಟ ಮನೋ. ಅವಳ ಧರ್ಮಶಿಕ್ಷಣ ಯಾರ ಕೈಯಲ್ಲಿ? ದೀಕ್ಷಾಸ್ನಾನವಾದ ಮಗು ಚರ್ಚಿನ ಮಗು, ಚರ್ಚಿನ ಬೋಧನೆಯಲ್ಲೇ ಬೆಳೆಯಬೇಕು ಅನ್ನುವುದು ಸಿಸ್ಟರ್ ವಾದ. ತಾಯಿಗೇ ಇನ್ನೂ ಮನವರಿಕೆಯಾಗದ ತತ್ವಗಳನ್ನು ನಾಲ್ಕು ವರ್ಷದ ಮಗುವಿನ ಬಾಯಿಗೆ ತುಂಬಬೇಡಿ ಅನ್ನುವುದು ರಮಾಬಾಯಿ ವಾದ. ಮಗಳ ಹೊಣೆ ದೇವರು ಕೊಟ್ಟದ್ದು ನನಗೆ, ಅದನ್ನು ಬೇರೆಯವರಿಗೆ ಬಿಟ್ಟುಕೊಡಲಾರೆ ಅಂತ ಖಡಾಖಂಡಿತವಾಗಿ ಬರೆಯುತ್ತಾರೆ.

ಸಿಸ್ಟರ್ ಜೆರಾಲ್ಡೀನ್ ಕೆಟ್ಟವರೇನಲ್ಲ. ಮನೋ ಮೇಲೆ ಅವರಿಗೆ ಜೀವ. ಮನೋ ಅವರನ್ನು ಅಜ್ಜಿಯಂತೆಯೇ ಹಚ್ಚಿಕೊಂಡಿದ್ದಳು. ತಾಯಿಯ ಗೊಂದಲಗಳಿಂದ ಮಗು ಕೆಡುತ್ತದೆ ಅನ್ನುವ ಭಯ ಅವರದು. ನಮ್ಮ ಮನೆಗಳಲ್ಲಿ ಅಜ್ಜಿಯಂದಿರೂ ಸೊಸೆಯಂದಿರೂ ಮಗುವಿಗೆ ಕುಂಕುಮ ಇಡುವ ವಿಷಯಕ್ಕೆ, ಸಂಧ್ಯಾವಂದನೆಯ ವಿಷಯಕ್ಕೆ ಹೀಗೇ ಹಗ್ಗ ಎಳೆಯುತ್ತಾರಲ್ಲ, ಅದೇ ಇದು. ಪ್ರೀತಿ ಇದ್ದಲ್ಲೇ ಈ ಜಗಳ ಜೋರು.

ಇನ್ನೂ ತಮಾಷೆಯೆಂದರೆ ಇಷ್ಟೆಲ್ಲ ಆದ ಮೇಲೆ 1886ರಲ್ಲಿ ರಮಾಬಾಯಿ ಅದೇ ವಾಂಟೇಜಿಗೆ ಮಗಳನ್ನು ಕಳಿಸಿದರು! ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ತಾಯಿ ಮಗಳು ಅಮೆರಿಕಕ್ಕೆ ಹೋಗಿದ್ದರು. ಅಲ್ಲಿ ರಮಾಬಾಯಿಗೆ ಊರೂರು ಭಾಷಣ, ವಿಧವೆಯರ ಶಾಲೆಗೆ ಹಣ ಕೂಡಿಸುವ ಕೆಲಸ. 1887ರಲ್ಲಿ ಇಂಗ್ಲಿಷಿನಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸಿನ ಸ್ಥಿತಿಯ ಬಗ್ಗೆ ಪುಸ್ತಕ ಬರೆದರು. ಐದು ವರ್ಷದ ಮಗುವನ್ನು ಕಟ್ಟಿಕೊಂಡು ರೈಲಿನಲ್ಲಿ ಎಷ್ಟು ಅಲೆಯುವುದು? ಯಾರ ಜೊತೆ ಅಷ್ಟು ಜಗಳವಾಡಿದ್ದರೋ ಅವರನ್ನೇ ನಂಬಿ ಒಪ್ಪಿಸಿದರು. ಆದರೆ ಒಂದು ಚಿಂತೆ ಮಾತ್ರ ಬಿಡಲಿಲ್ಲ. ಮಗಳು ಇಂಗ್ಲಿಷ್ ದೊರೆಸಾನಿಯಾಗಿ ಬೆಳೆಯಬಾರದು, ನಾನು ಹಿಂದೂಸ್ತಾನದ ಹುಡುಗಿ ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಗಬಾರದು, ನಮ್ಮ ಜನರ ನಡುವೆ ನಮ್ಮವಳಾಗಿಯೇ ಇರಬೇಕು ಅನ್ನುವ ಅರ್ಥದ ಮಾತು ಪತ್ರದಲ್ಲಿದೆ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಬ್ಲಾಗಿಗ ಮಿತ್ರರೇ, ಈ ಚಿಂತೆ ನಿಮಗೆ ಹೊಸದಲ್ಲ ಅಲ್ಲವೇ?

*

1889ರ ಮಾರ್ಚ್ 11ರಂದು ರಮಾಬಾಯಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಬಾಲವಿಧವೆಯರಿಗೆ ಶಾಲೆ ಮತ್ತು ವಸತಿ. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗೋದೂಬಾಯಿ, ಮುಂದೆ ಮಹರ್ಷಿ ಧೋಂಡೊ ಕೇಶವ ಕರ್ವೆಯವರನ್ನು ಪುನರ್ವಿವಾಹವಾದವರು. ಸಲಹಾ ಸಮಿತಿಯಲ್ಲಿ ರಾನಡೆ, ಭಂಡಾರ್ಕರ್ ಅಂಥವರಿದ್ದರು. ಸದನದಲ್ಲಿ ಧರ್ಮಬೋಧನೆ ಇಲ್ಲ, ಯಾರ ಆಚಾರಕ್ಕೂ ಅಡ್ಡಿಯಿಲ್ಲ ಅನ್ನುವುದು ಕರಾರು.

ಮನೋ ಈಗ ತಾಯಿಯ ಜೊತೆ. ಬೆಳಿಗ್ಗೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಅಷ್ಟೇ, ಪುಣೆಯಲ್ಲಿ ಗುಲ್ಲು ಎದ್ದಿತು. ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ಬಾಗಿಲು ಹಾಕಿಕೊಳ್ಳಿ ಅಂತ ಹಿತೈಷಿಗಳೂ ಹೇಳಿದರು. ರಮಾಬಾಯಿ ಒಪ್ಪಲಿಲ್ಲ. ಯಾರನ್ನೂ ನಾನು ಕರೆದಿಲ್ಲ, ಬಂದವರನ್ನು ಅಟ್ಟುವುದೂ ಇಲ್ಲ, ನನ್ನ ಮಗಳ ಜೊತೆ ಪ್ರಾರ್ಥನೆಗೆ ನಾನು ಅಡಗಿ ಕೂರಲಾರೆ ಅನ್ನುವುದು ಅವರ ನಿಲುವು. 1893ರಲ್ಲಿ ರಾನಡೆ, ಭಂಡಾರ್ಕರ್ ಸಮಿತಿಯಿಂದ ಹೊರನಡೆದರು. ಎಷ್ಟೋ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ನನಗೆ ಇಲ್ಲಿ ಎರಡೂ ಕಡೆ ಕಾಣುತ್ತದೆ. ಹನ್ನೆರಡು ವರ್ಷದ ವಿಧವೆ ಮಗಳನ್ನು ಊರನ್ನು ಎದುರು ಹಾಕಿಕೊಂಡು ಶಾಲೆಗೆ ಕಳಿಸಿದ ತಂದೆಗೆ, ನಾಳೆ ಅವಳು ಕ್ರೈಸ್ತಳಾದರೆ ಅನ್ನುವ ದಿಗಿಲು ಸುಳ್ಳಲ್ಲ. ತೆರೆದ ಬಾಗಿಲೂ ಒಂದು ರೀತಿಯ ಕರೆಯೇ ಅಲ್ಲವೇ ಅಂತ ಯಾರಾದರೂ ಕೇಳಿದರೆ ಉತ್ತರ ಸುಲಭವಿಲ್ಲ. ಆದರೆ ಹತ್ತು ಹನ್ನೆರಡು ವರ್ಷದ ಮನೋಳ ಕಡೆಯಿಂದಲೂ ಒಮ್ಮೆ ನೋಡಿ. ತನ್ನ ಅಮ್ಮ ಯಾವುದನ್ನು ನಂಬುತ್ತಾಳೋ ಅದನ್ನು ಬಾಗಿಲು ಹಾಕಿಕೊಂಡು ನಂಬುವುದಿಲ್ಲ, ಅದಕ್ಕಾಗಿ ದೊಡ್ಡ ದೊಡ್ಡವರ ಸ್ನೇಹ ಕಳೆದುಕೊಳ್ಳಲೂ ತಯಾರು ಅಂತ ಅವಳು ದಿನಾ ಕಾಣುತ್ತಿದ್ದಳು. ಬೇರೆ ಪಾಠ ಯಾಕೆ ಬೇಕು?

ಇಷ್ಟರಲ್ಲಿ ರಮಾಬಾಯಿಯೂ ಬದಲಾಗಿದ್ದರು. ಇಷ್ಟು ವರ್ಷ ತನಗೆ ಸಿಕ್ಕಿದ್ದು ಕ್ರಿಸ್ತನ ಧರ್ಮ, ಕ್ರಿಸ್ತನಲ್ಲ ಅಂತ ಅನ್ನಿಸಿ, 1891ರ ಸುಮಾರಿಗೆ ಅವರ ನಂಬಿಕೆ ವಾದದಿಂದ ಭಕ್ತಿಗೆ ತಿರುಗಿತು. ಚೆಲ್ಟನ್‌ಹ್ಯಾಮಿನಲ್ಲಿ ತರ್ಕ ಮಾಡುತ್ತಿದ್ದ ಹೆಂಗಸು ಈಗ ಕಣ್ಣೀರು ಹಾಕಿಕೊಂಡು ಪ್ರಾರ್ಥಿಸುವ ಭಕ್ತೆ.

*

1896ರ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಬರ. ಎಲೆ ತಿಂದು ಬದುಕಿದ ಹುಡುಗಿ ಈಗ ಮೂವತ್ತೆಂಟರ ಹೆಂಗಸು. ಸುಮ್ಮನೆ ಕೂರಲಾಗಲಿಲ್ಲ. ಹೋಗಿ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಿಂದ ಮೂವತ್ತನಾಲ್ಕು ಮೈಲಿ ದೂರದ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ಅವರಿಗೆ ನೆಲೆ ಆಯಿತು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ. ಗುಜರಾತಿನ ಬರದಿಂದ ಬಂದವರೂ ಸೇರಿ ಒಂದು ಊರೇ ಆಯಿತು. ಹೊಲ, ಬಾವಿ, ದನದ ಕೊಟ್ಟಿಗೆ, ನೇಯ್ಗೆ, ಅಚ್ಚುಕೂಟ ಎಲ್ಲ ಹೆಂಗಸರ ಕೈಯಲ್ಲೇ.

ಮಗಳು ಆಗ ಎಲ್ಲಿದ್ದಳು? ಹದಿಹರೆಯದ ಮನೋಳನ್ನು ತಾಯಿ ಓದಲು ಮತ್ತೆ ಪರದೇಶಕ್ಕೆ ಕಳಿಸಿದ್ದರು. ಇಂಗ್ಲೆಂಡ್, ಆಮೇಲೆ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ನಾರ್ತ್ ಚೈಲಿ ಅನ್ನುವ ಹಳ್ಳಿಯ ಒಂದು ಶಾಲೆ. 1898ರಲ್ಲಿ ರಮಾಬಾಯಿ ಅಲ್ಲಿಗೆ ಹೋಗಿ ಬಂದರು. ಇನ್ನೂ ಕೆಲವು ಹುಡುಗಿಯರನ್ನು ಅದೇ ಶಾಲೆಗೆ ಸೇರಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಹದಿನೆಂಟು ಹತ್ತೊಂಬತ್ತರ ಹುಡುಗಿ. ಬಾಲ್ಯದ ಅರ್ಧ ಇಂಗ್ಲೆಂಡಿನಲ್ಲಿ ಕಳೆದವಳು. ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಮೆರಿಕದಲ್ಲಿ ತಾಯಿಯ ಹೆಸರು ಗೊತ್ತಿಲ್ಲದ ಚರ್ಚಿಲ್ಲ. ಅಲ್ಲೇ ಉಳಿದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಕಾಲೇಜು ಪದವಿ ಇನ್ನೂ ಆಗಿರಲಿಲ್ಲ, ಅದನ್ನು ಮುಗಿಸುತ್ತೇನೆ ಅಂದಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು 1900ರಲ್ಲಿ ಕೇಡಗಾಂವ್‌ಗೆ ವಾಪಸ್ಸು ಬಂದಳು. ಬರದಲ್ಲಿ ಎಲುಬು ಎದ್ದ ಮಕ್ಕಳು, ತಲೆಯಲ್ಲಿ ಹೇನು, ಮೈಯಲ್ಲಿ ಹುಣ್ಣು, ಅನ್ನ ಕಂಡರೆ ಕಚ್ಚಾಡುವ ಹಸಿವು. ಅವಳು ಬಂದು ಕೂತದ್ದು ಇವರ ನಡುವೆ. ಬಿ.ಎ. ಆಗಿದ್ದು ವರ್ಷಗಳ ನಂತರ, ಕೆಲಸದ ನಡುವೆ ಬಿಡುವು ಮಾಡಿಕೊಂಡು, ಮುಂಬೈ ವಿಶ್ವವಿದ್ಯಾಲಯದಿಂದ.

ಅವಳು ಬರಿಗೈಯಲ್ಲಿ ಬರಲಿಲ್ಲ. ಬ್ರೈಲ್ ಕಲಿತು ಬಂದಿದ್ದಳು. ಬರ, ಸಿಡುಬುಗಳಿಂದ ಕಣ್ಣು ಕಳೆದುಕೊಂಡ ಹುಡುಗಿಯರು ಆ ಕಾಲದಲ್ಲಿ ಬೇಕಾದಷ್ಟು. ಹಸಿದ ಸಂಸಾರದಲ್ಲಿ ಕುರುಡಿ ಹೆಣ್ಣು ಮಗು ಅಂದರೆ ಮೊದಲು ಬಿಟ್ಟುಬಿಡುವ ಹೊರೆ. ಮುಕ್ತಿಗೆ ಬಂದವರಲ್ಲೂ ಅಂಥವರಿದ್ದರು. ಮನೋ ಅವರ ಬೆರಳು ಹಿಡಿದು ಆರು ಚುಕ್ಕೆಯ ಅಕ್ಷರ ಕಲಿಸಿದಳು. ಇಂಡಿಯಾದ ಭಾಷೆಗಳಿಗೆಲ್ಲ ಒಂದೇ ರೀತಿಯ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಅದಕ್ಕೆ ಅರ್ಧ ಶತಮಾನ ಮುಂಚೆಯೇ ಒಂದು ಬಯಲು ಹಳ್ಳಿಯಲ್ಲಿ ಈ ಪಾಠ ನಡೆದಿತ್ತು. ಕಣ್ಣಿಲ್ಲದವರ ಆ ಮನೆಗೆ ಬೈಬಲಿನಲ್ಲಿ ಯೇಸು ಕಣ್ಣು ಕೊಟ್ಟ ಕುರುಡನ ಹೆಸರಿನಿಂದ ಬಾರ್ತೀಮಿ ಸದನ ಅಂತ ಹೆಸರು.

ಮುದುಕ ಅನಂತಶಾಸ್ತ್ರಿಗಳು ಗಂಗಾಮೂಲದಲ್ಲಿ ಹೆಂಡತಿಗೆ ಅಕ್ಷರ ಕಲಿಸಿದರು. ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಮಗಳು ವಿಧವೆಯರಿಗೆ ಕಲಿಸಿದರು. ಮೊಮ್ಮಗಳು ಕಣ್ಣೇ ಇಲ್ಲದವರಿಗೆ ಕಲಿಸಿದಳು. ದೇವರ ಹೆಸರು ನಡುವೆ ಬದಲಾಯಿತು, ಕೈಕಸುಬು ಬದಲಾಗಲಿಲ್ಲ ಅಂತ ನನಗೆ ಅನ್ನಿಸುತ್ತದೆ.

*

ಇನ್ನು ಮುಂದೆ ಮನೋರಮಾಳನ್ನು 'ಅವಳು' ಅನ್ನಬಾರದು, ಮನೋರಮಾಬಾಯಿಯವರು ಅನ್ನಬೇಕು. ಶಾರದಾ ಸದನದ ಪ್ರಿನ್ಸಿಪಾಲರಾದರು, ತಾಯಿಯ ಬಲಗೈಯಾದರು. 1912ರಲ್ಲಿ ಅವರ ನೆರವಿನಿಂದ ರಮಾಬಾಯಿ ಒಂದು ಹೊಸ ಶಾಲೆ ತೆರೆದರು. ಎಲ್ಲಿ ಅಂತ ಊಹಿಸಿ. ಗುಲ್ಬರ್ಗಾದಲ್ಲಿ! ಈಗಿನ ನಮ್ಮ ಕಲಬುರಗಿ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸರ್ಕಾರದ ಭಾಷೆ ಉರ್ದು, ಜನರ ಮನೆಮಾತು ಕನ್ನಡ, ಹೆಣ್ಣು ಮಕ್ಕಳಿಗೆ ಓದು ಅಪರೂಪ. ಕರ್ನಾಟಕಕ್ಕೆ ಆ ಜಿಲ್ಲೆ ಸೇರಿದ್ದು 1956ರಲ್ಲಿ. ಕನ್ನಡ ನಾಡಿನ ಘಟ್ಟದ ಕಾಡಿನಿಂದ ಎತ್ತಿಕೊಂಡು ಹೋದ ಆರು ತಿಂಗಳ ಕೂಸು ಐವತ್ತು ವರ್ಷ ದೇಶ ಸುತ್ತಿ, ಮಗಳ ಕೈಹಿಡಿದು, ಮತ್ತೆ ಕನ್ನಡ ನಾಡಿನ ಇನ್ನೊಂದು ಮೂಲೆಗೆ ಪಾಟಿ ಬಳಪ ತಂದಿತು. ಇದನ್ನು ಓದಿದಾಗ ನನಗೆ ಸುಮ್ಮನೆ ಖುಷಿಯಾಯಿತು, ಯಾಕೆ ಅಂತ ಕೇಳಬೇಡಿ.

1920ರ ಹೊತ್ತಿಗೆ ರಮಾಬಾಯಿಯ ಆರೋಗ್ಯ ಕೆಟ್ಟಿತು. ನನ್ನ ನಂತರ ಮುಕ್ತಿಯ ಹೊಣೆ ಮನೋರಮಾಳದು ಅಂತ ನಿಶ್ಚಯಿಸಿದರು. ತಾಯಿಯ ಹೆಮ್ಮೆಗೆ ಇದಕ್ಕಿಂತ ಬೇರೆ ರುಜುವಾತು ಬೇಕೇ? ಕಟ್ಟಿದ್ದನ್ನೆಲ್ಲ ಮಗಳ ಕೈಗೆ ಇಡುವುದು.

ಆದರೆ 1921ರಲ್ಲಿ ಮಗಳೇ ಮೊದಲು ಹೋದರು. ನಲವತ್ತು ವರ್ಷ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡು ಉಳಿದಿದ್ದ ಒಂದೇ ಒಂದು ಜೀವ. ರಮಾಬಾಯಿ ಆಗ ಬೈಬಲನ್ನು ಹೀಬ್ರೂ, ಗ್ರೀಕ್ ಮೂಲದಿಂದ ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರುವ ಕೆಲಸದಲ್ಲಿದ್ದರು. ಅದನ್ನು ನಿಲ್ಲಿಸಲಿಲ್ಲ. ಕೆಲಸ ಮುಗಿಸಿದರು. 1922ರ ಏಪ್ರಿಲ್ 5ರಂದು ತೀರಿಕೊಂಡರು. ಅನುವಾದ ಅಚ್ಚಾಗಿ ಹೊರಬಂದದ್ದು 1924ರಲ್ಲಿ.

*

ಕಥೆ ಇಷ್ಟೇ. ಒಂದು ಮುಳ್ಳು ಮಾತ್ರ ಉಳಿದಿದೆ, ಅದನ್ನು ಹೇಳದಿದ್ದರೆ ಪ್ರಾಮಾಣಿಕತೆ ಅನ್ನಿಸುವುದಿಲ್ಲ. ತನ್ನ ನಾಲ್ಕು ವರ್ಷದ ಮಗಳ ಬಾಯಿಗೆ ತತ್ವ ತುಂಬಬೇಡಿ ಅಂದ ರಮಾಬಾಯಿ, ಬರದ ಊರುಗಳಿಂದ ತಂದ ನೂರಾರು ಮಕ್ಕಳನ್ನು ಕ್ರೈಸ್ತರಾಗಿಯೇ ಬೆಳೆಸಿದರು. ಆ ಮಕ್ಕಳ ಪರವಾಗಿ ಪತ್ರ ಬರೆಯಲು ಅವರಿಗೆ ತಾಯಿ ಇರಲಿಲ್ಲ. ತರದಿದ್ದರೆ ಅವರು ಸಾಯುತ್ತಿದ್ದರು, ಇಲ್ಲವೇ ಯಾರದೋ ಕೈಗೆ ಮಾರಾಟವಾಗುತ್ತಿದ್ದರು ಅನ್ನುವುದೂ ನಿಜ. ಎರಡೂ ನಿಜವನ್ನು ಪಕ್ಕಪಕ್ಕ ಇಟ್ಟುಕೊಂಡೇ ನಾನು ಈ ಹೆಂಗಸಿಗೆ ಕೈಮುಗಿಯುತ್ತೇನೆ.

ಆದರೆ ಮಗಳ ವಿಷಯದಲ್ಲಿ ಮಾತ್ರ ಆಕೆ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಮಗುವಿನ ಮನಸ್ಸಿನ ಮೇಲೆ ಮಠದ ಮುದ್ರೆ ಬೀಳದ ಹಾಗೆ ಕಾದರು. ಆದರೆ ತನ್ನ ನಂಬಿಕೆಯನ್ನು ಮಗಳಿಂದ ಬಚ್ಚಿಡಲೂ ಇಲ್ಲ. ಬಾಗಿಲು ತೆರೆದು ಪ್ರಾರ್ಥಿಸಿದರು, ಮತ್ತೆ ಹಡಗು ಹತ್ತಿಸಿ ದೂರ ಕಳಿಸಿದರು. ಹೋದವಳು ತಾನಾಗಿ ವಾಪಸ್ಸು ಬಂದಳು. ಹಾಗೆ ಬಂದ ನಂಬಿಕೆಯ ಬಗ್ಗೆ ತಾಯಿ ಹೆಮ್ಮೆ ಪಟ್ಟರೆ ಅದು ಸಲ್ಲುತ್ತದೆ. ಹೋಗಲು ದಾರಿಯೇ ಬಿಡದೆ ಮನೆಯಲ್ಲೇ ಕೂರಿಸಿಕೊಂಡು, ನೋಡಿ ನಮ್ಮ ಮಗಳು ಎಷ್ಟು ದೈವಭಕ್ತೆ ಅಂದರೆ ಅದು ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗೆ.

ನನ್ನ ಸಹೋದ್ಯೋಗಿ ಒಂದೇ ವಾಕ್ಯದಲ್ಲಿ ನಗುತ್ತಾ ಹೇಳಿದ್ದೂ ಇದನ್ನೇ. ನಾನು ಕಳಿಸಿದ್ದಲ್ಲ ಮಾರಾಯ್ರೆ.

ನನಗೂ ಹದಿನೈದರ ಮಗಳಿದ್ದಾಳೆ. ಎರಡು ವರ್ಷದಿಂದ ನನ್ನ ಜೊತೆ ದೇವಸ್ಥಾನಕ್ಕೆ ಬರುವುದನ್ನು ಬಿಟ್ಟಿದ್ದಾಳೆ. ಈ ವಿಷಯಕ್ಕೆ ಮನೆಯಲ್ಲಿ ಎಷ್ಟೋ ಸಲ ದನಿ ಏರಿದೆ, ಏರಿಸಿದ್ದು ನಾನೇ. ಬೀದಿನಾಯಿಗಳಿಗೆ ದಿನಾ ಸಂಜೆ ಅನ್ನ ಹಾಕುತ್ತಾಳೆ, ಮಳೆ ಬಂದರೂ ತಪ್ಪಿಸುವುದಿಲ್ಲ. ಅದನ್ನು ನಾನು ಇವತ್ತಿನವರೆಗೆ ಯಾರಿಗೂ ಫೋಟೋ ತೆಗೆದು ತೋರಿಸಿಲ್ಲ.

ಮಳೆ ಕಡಿಮೆಯಾದ ಮೇಲೆ ಊರಿಗೆ ಹೋಗುವುದಿದೆ. ಮಾಳದ ಮೇಲಿಂದ ಘಟ್ಟ ಹತ್ತಿ ಗಂಗಾಮೂಲದ ಕಡೆ ಅವಳನ್ನು ಕರೆದುಕೊಂಡು ಹೋಗಿ, ದಾರಿಯಲ್ಲಿ ಈ ಕಥೆ ಹೇಳಬೇಕು ಅಂತಿದ್ದೇನೆ.

ಅವಳು ಬರ್ತೇನೆ ಅಂದರೆ.